ಕಿಟಕಿ ಹಾಡಿನ ಚಾಡಿ

ಸೋಮವಾರ ಬೆಳಿಗ್ಗೆ, ಹಬೆ ಇನ್ನೂ ಸರಿಯಾಗಿ ಏರುವ ಮೊದಲೇ, ಆಫೀಸಿನ ಜವಾನ ಬಾಯ್ಲರ್ ಕೋಣೆಯ ಬಾಗಿಲಿಗೆ ಬಂದು ನಿಂತು "ಸಾಹೇಬರು ಕರೀತಿದ್ದಾರೆ" ಅಂದ. ಹತ್ತು ನಿಮಿಷ ಕಳೆದು ಬಾಯ್ಲರ್ ವಾಪಸು ಬಂದಾಗ ಅವನ ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ ಇತ್ತು. ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು.

ಬಾಯ್ಲರ್ ಅನ್ನುವುದು ಅವನ ಹೆಸರಲ್ಲ. ಇಪ್ಪತ್ತೆರಡು ವರ್ಷ ಅದರ ಬುಡದಲ್ಲೇ ಕೂತು ಬೆಂದದ್ದಕ್ಕೆ ಜನ ಹಾಗೆ ಕರೆಯುತ್ತಿದ್ದರು. ಆಸ್ಪತ್ರೆ, ಹೋಟೆಲುಗಳ ಹಾಸುಬಟ್ಟೆ ಒಗೆದು ಕಳಿಸುವ ಆ ಲಾಂಡ್ರಿಯಲ್ಲಿ ಯಾರಿಗೂ ತಂದೆತಾಯಿ ಇಟ್ಟ ಹೆಸರು ಉಳಿದಿರಲಿಲ್ಲ. ಕೊಳೆ ಗಂಟುಗಳನ್ನು ತೂಗಿ ಒಳಗೆ ತೆಗೆದುಕೊಳ್ಳುವವನು ತಕ್ಕಡಿ. ಒಣಗಿದ್ದನ್ನು ಮಡಚುವ ಸಣಕಲು ಹೆಂಗಸು ಮಡಿಕೆ. ಬಿಸಿ ರೋಲರಿನ ಬಾಯಿಗೆ ಹಸಿ ಹಾಸುಬಟ್ಟೆ ಕೊಡುವ ಬಾಯ್ಲರಿನ ಹೆಂಡತಿ ಇಸ್ತ್ರಿಯಕ್ಕ.

ಊಟದ ಹೊತ್ತಿಗೆ ಇಸ್ತ್ರಿಯಕ್ಕ ಗಂಡನ ಪಕ್ಕ ಬಂದು ಕೂತಳು.

"ಏನಂತೆ ರೀ?"

"ಡ್ರಮ್ ಚೆನ್ನಾಗಿ ಬಾರಿಸ್ತೀಯಂತೆ ಅಂತ ಕೇಳಿದ."

ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ನೀವೇನಂದ್ರಿ?"

"ಏನನ್ನಲಿ? ಮನೇಲಿ ಡಬ್ಬ ಬಡೀತೀನಿ ಸಾರ್ ಅಂದೆ. ನಕ್ಕ. ನಕ್ಕು ಈ ಹಾಳೆ ಕೊಟ್ಟ. 'ಕಿಟಕಿ ಹಾಡಿಗೂ ನನಗೂ ಸಂಬಂಧ ಇಲ್ಲ, ಕಾರ್ಖಾನೆ ಗಾಳಿ ಚೆನ್ನಾಗಿದೆ' ಅಂತ ಬರೆದಿದೆಯಂತೆ. ತಿಂಗಳ ಕೊನೆಯೊಳಗೆ ಸಹಿ ಹಾಕ್ಬೇಕು. ಇಲ್ಲಾಂದ್ರೆ ಮಾರನೇ ದಿನ ಗೇಟಿನ ಹತ್ರ ಸುಳಿಯೋ ಹಾಗಿಲ್ಲ."

"ಅವನಿಗೆ ಹೇಳಿದ್ಯಾರು?"

ಬಾಯ್ಲರ್ ಹಾಳೆಯನ್ನು ಮಡಚಿ ಜೇಬಿಗೆ ಹಾಕಿದ. ಇಸ್ತ್ರಿಯಕ್ಕ ಡಬ್ಬಿಯ ಮುಚ್ಚಳ ಮುಚ್ಚಿದಳು. ಹಸಿವು ಸತ್ತುಹೋಗಿತ್ತು.

ಆ ಹಾಡು ಹುಟ್ಟಿದ್ದೇ ರೋಲರಿನ ಮುಂದೆ. ಎದುರುಗಡೆಯ ಇನ್ನೊಂದು ಕಾರ್ಖಾನೆಯ ಚಿಮಣಿಯಿಂದ ಮಸಿ ಹಾರಿ ಬಂದು ಒಂದು ಆಸ್ಪತ್ರೆಯ ಬಟ್ಟೆಯ ಮೇಲೆಲ್ಲ ಕೂತು, ಮುನ್ನೂರು ಹಾಸುಬಟ್ಟೆ ಹಾಗೇ ವಾಪಸು ಬಂದಿದ್ದವು. ಮ್ಯಾನೇಜರು ಮಾರನೇ ದಿನವೇ ಬಡಗಿಯನ್ನು ಕರೆಸಿ ಹದಿನೈದು ಕಿಟಕಿಗೂ ಹಲಗೆ ಹೊಡೆಸಿಬಿಟ್ಟ. ಬಟ್ಟೆ ಬೆಳ್ಳಗೆ ಉಳಿಯಿತು. ಒಳಗೆ ಬ್ಲೀಚಿನ ಹಬೆ ಹೋಗಲು ದಾರಿಯಿಲ್ಲದೆ ಜನರ ಎದೆಯಲ್ಲೇ ಮನೆ ಮಾಡಿಕೊಂಡಿತು. ಮಡಿಕೆ ಒಂದು ಮಧ್ಯಾಹ್ನ ಕೆಮ್ಮಿ ಕೆಮ್ಮಿ ಮಡಚಿದ ಬಟ್ಟೆಯ ಮೇಲೆಯೇ ಕುಸಿದಳು. ಎಚ್ಚರವಾದಾಗ ಮೇಸ್ತ್ರಿ ಕೇಳಿದ ಮೊದಲ ಮಾತು, ಬಟ್ಟೆಗೆ ಕಲೆ ಆಯಿತಾ ಅಂತ.

ಅದಕ್ಕೂ ಮುಂಚಿನಿಂದ ಈ ನಾಲ್ವರು ಭಾನುವಾರ ಮಧ್ಯಾಹ್ನ ತಕ್ಕಡಿಯ ಮನೆಯಲ್ಲಿ ಸೇರುತ್ತಿದ್ದರು. ತಕ್ಕಡಿಯ ಹತ್ತಿರ ಒಂದು ರೇಡಿಯೋ ಇತ್ತು, ಗಾಳಿ ಒಳ್ಳೆಯದಿದ್ದರೆ ದೂರದೂರದ ಸ್ಟೇಷನ್ನುಗಳು ಸಿಗುತ್ತಿದ್ದವು. ಅದರಲ್ಲಿ ಒಂದು ಬಗೆಯ ಹಾಡು ಬರುತ್ತಿತ್ತು. ಭಾಷೆ ಗೊತ್ತಿಲ್ಲ, ಹಾಡುವವರ ಮುಖ ಗೊತ್ತಿಲ್ಲ, ಆದರೆ ಹೊಟ್ಟೆಯೊಳಗಿನ ಸಂಕಟವನ್ನು ಯಾರೋ ಕೈಹಾಕಿ ಎತ್ತಿ ಕುಣಿಸಿದ ಹಾಗಿರುತ್ತಿತ್ತು. "ಒಂದಕ್ಕೆ ಸೋಲ್ ಅಂತಾರೆ, ಇನ್ನೊಂದಕ್ಕೆ ಫಂಕ್ ಅಂತಾರೆ" ಅಂದಿದ್ದ ತಕ್ಕಡಿ. ಎರಡರ ನಡುವಿನ ಗಡಿ ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಮೊದಲ ಏಟು ನೆಲಕ್ಕೆ ಬೀಳಬೇಕು, ಉಳಿದ ಮೂರು ಅದರ ಸುತ್ತ ಕುಣಿಯಬೇಕು. ಇದನ್ನು ಕೇಳಿ ಇಸ್ತ್ರಿಯಕ್ಕ ನಕ್ಕುಬಿಟ್ಟಿದ್ದಳು. "ಅಯ್ಯೋ, ನಮ್ಮ ರೋಲರ್ ದಿನಾ ಹೊಡೆಯೋದು ಅದೇ ಅಲ್ವಾ!"

ತಕ್ಕಡಿ ಹಳೇ ಬೇಸ್ ಗಿಟಾರ್ ಹಿಡಿದ. ಬಾಯ್ಲರ್ ಡ್ರಮ್ಮಿಗೆ ಕೂತ. ಮಡಿಕೆ ಖಂಜಿರ ತಟ್ಟುತ್ತಾ ಎರಡನೇ ದನಿ ಕೊಟ್ಟಳು. ಐದನೆಯವನು ಬಾಯ್ಲರಿನ ತಮ್ಮ, ಲಾಂಡ್ರಿಯ ವ್ಯಾನ್ ಓಡಿಸುವವನು. ಕಾರ್ಖಾನೆಯಲ್ಲಿ ಅವನು ಬರೀ 'ವ್ಯಾನ್'. ಅವನ ಟ್ರಂಪೆಟ್ಟನ್ನು ಇಸ್ತ್ರಿಯಕ್ಕ ತುತ್ತೂರಿ ಅನ್ನುತ್ತಿದ್ದಳು. ಅವಳು ಸೊಸೆಯಾಗಿ ಮನೆ ಹೊಕ್ಕಾಗ ಆ ಮೈದುನನಿಗೆ ಐದು ವರ್ಷ. ಅತ್ತೆ ಕಣ್ಣುಮುಚ್ಚಿ ಆರು ತಿಂಗಳಾಗಿತ್ತು. ಅವನಿಗೆ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು, ತಪ್ಪು ಮಾಡಿದಾಗ ಕಿವಿ ಹಿಂಡಿದ್ದು ಎಲ್ಲ ಅವಳೇ. ಅವಳಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲ ಅನ್ನುವುದು ಅವಳಿಗೆ ವರ್ಷಕ್ಕೊಮ್ಮೆಯೂ ನೆನಪಾಗುತ್ತಿರಲಿಲ್ಲ.

ಹಾಡು ಕಟ್ಟಿದವಳು ಅವಳೇ. ಬರೆಯಲು ಬರುತ್ತಿರಲಿಲ್ಲ. ರೋಲರಿನ ಮುಂದೆ ನಿಂತು ಒಂದೊಂದೇ ಸಾಲು ಕಟ್ಟಿ, ಮಡಿಕೆಯ ಕೈಲಿ ಬರೆಸಿದಳು.

ಕಿಟಕಿ ತೆಗೀರಿ, ಉಸಿರು ಬೇಕು,
ಬಿಳೀ ಬಟ್ಟೆಗಿಂತ ಎದೆ ದೊಡ್ಡದು.
ನಿಮ್ಮ ಹಾಸಿಗೆ ಹೊಳೆಯೋ ಹೊತ್ತಿಗೆ
ನಮ್ಮ ಕೆಮ್ಮಿನ ಬಣ್ಣ ಕೆಂಪು.

ಹಾಡಿನ ಗ್ರಾಮಫೋನ್ ಪ್ಲೇಟು ಮಾಡಿಸುವಾಗ ಅವರು ಪಟ್ಟ ಎಚ್ಚರಿಕೆ ಅಷ್ಟಿಷ್ಟಲ್ಲ. ಬೇರೆ ಊರಿಗೆ, ಬೇರೆ ಬೇರೆ ಬಸ್ಸಿನಲ್ಲಿ ಹೋದರು. ಹಾಡಿನ ಹಾಳೆಯನ್ನು ಮಡಿಕೆ ನಾಲ್ಕು ಸಲ ಗಟ್ಟಿಯಾಗಿ ಓದಿದಳು: ಕಾರ್ಖಾನೆಯ ಹೆಸರಿಲ್ಲ, ಬೀದಿಯ ಹೆಸರಿಲ್ಲ, ಯಾರ ಹೆಸರೂ ಇಲ್ಲ. ಪ್ಲೇಟಿನ ನಡುವಿನ ಕಾಗದದ ಮೇಲೂ ಹಾಡಿನ ಹೆಸರು ಬಿಟ್ಟು ಬೇರೇನೂ ಬೇಡ ಅಂದರು. ಸ್ಟುಡಿಯೋದ ಮುದುಕ ತಲೆ ಕೆರೆದುಕೊಂಡು, "ಹೆಸರು ಬೇಕು ಅಂತ ಜಗಳ ಆಡೋರನ್ನ ನೋಡಿದ್ದೀನಿ, ಬೇಡ ಅನ್ನೋರು ನೀವೇ ಮೊದಲು" ಅಂದ. ಒಂದೇ ಉಸಿರಿಗೆ ಬಾರಿಸಿದರು, ಮೈಮೇಲೆ ಏನೋ ಬಂದವರ ಹಾಗೆ. ಮುಗಿದಾಗ ಮುದುಕ, "ಉದ್ದ ಆಯ್ತು, ಪ್ಲೇಟಿನ ಎರಡು ಬದಿಗೂ ಹಂಚಿ ಹಾಕ್ತೀನಿ" ಅಂದ. ಹಾಕಪ್ಪ ಅಂದರು.

ಮೂರು ವಾರಕ್ಕೆ ರೇಡಿಯೋದವರು ಅದನ್ನು ಮಧ್ಯಾಹ್ನ ಹಾಕತೊಡಗಿದರು. ಬಸ್ ನಿಲ್ದಾಣದಲ್ಲಿ ಹಾಡು, ಕ್ಷೌರದಂಗಡಿಯಲ್ಲಿ ಹಾಡು. ಶಾಲೆ ಬಿಟ್ಟ ಹುಡುಗಿಯರು "ಕಿಟಕಿ ತೆಗೀರಿ" ಅನ್ನುತ್ತಾ ಹೆಜ್ಜೆ ಹಾಕುತ್ತಿದ್ದರು. ಐವರೂ ಯಾವುದೂ ಗೊತ್ತಿಲ್ಲದವರ ಹಾಗೆ ತಲೆ ತಗ್ಗಿಸಿ ನಡೆಯುತ್ತಿದ್ದರು. ಅವರ ಮನೆಗಳಲ್ಲಿ ಪ್ಲೇಟು ಹಾಕುವ ಪೆಟ್ಟಿಗೆ ಇರಲಿಲ್ಲ. ಅವರೂ ತಮ್ಮ ಹಾಡನ್ನು ಕೇಳಿದ್ದು ರೇಡಿಯೋದಲ್ಲೇ.

ಮಂಗಳವಾರ ಜವಾನ ತಕ್ಕಡಿಯನ್ನು ಕರೆದ. ಬುಧವಾರ ಮಡಿಕೆಯನ್ನು.

ಮಡಿಕೆ ಅಳುತ್ತಾ ಬಂದಳು. "ಅಕ್ಕಾ, ಖಂಜಿರ ತಟ್ಟೋ ಕೈಲಿ ಬಟ್ಟೆ ಹೇಗೆ ಮಡಚ್ತೀಯ ಅಂತ ಕೇಳಿದ ಅಕ್ಕಾ. ಖಂಜಿರ ಅಂತ ಬಾಯಿಬಿಟ್ಟು ಹೇಳಿದ. ಒಳಗಿನವರು ಹೇಳದೆ ಅವನಿಗೆ ಹೇಗೆ ಗೊತ್ತಾಗುತ್ತೆ?"

ಒಳಗಿನವರು ಅಂದರೆ ಐದು ಜನ. ಮೂವರಿಗೆ ಹಾಳೆ ಸಿಕ್ಕಿತ್ತು. ಉಳಿದವರಲ್ಲಿ ಒಬ್ಬಳು ತಾನು. ಇನ್ನೊಬ್ಬ ಮೈದುನ. ಇಸ್ತ್ರಿಯಕ್ಕ ಆ ಕಡೆಗೆ ಯೋಚನೆಯನ್ನು ಹೋಗಲು ಬಿಡಲಿಲ್ಲ. ಅದು ತಾನಾಗಿಯೇ ಹೋಯಿತು.

ಒಮ್ಮೆ ಹೋದ ಮೇಲೆ ಕಂಡದ್ದೆಲ್ಲ ಅದಕ್ಕೆ ಸಾಕ್ಷಿಯಾಯಿತು. ವ್ಯಾನ್ ಹೊರಡಲು ಬೇಕಾದ ಗೇಟಿನ ಚೀಟಿಗಾಗಿ ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವವನು ಐವರಲ್ಲಿ ಅವನೊಬ್ಬನೇ. ಮಂಗಳವಾರ ಅವಳು ಅಂಗಳದಿಂದ ನೋಡಿದ್ದಳು, ಗಾಜಿನ ಆಚೆ ಮ್ಯಾನೇಜರ ಎದುರಿನ ಕುರ್ಚಿಯಲ್ಲಿ ಮೈದುನ ಕೂತಿದ್ದ. ಇಪ್ಪತ್ತು ವರ್ಷದಲ್ಲಿ ಆ ಕುರ್ಚಿಯ ಮೇಲೆ ಕೆಲಸದವರು ಕೂತದ್ದನ್ನು ಅವಳು ಕಂಡಿರಲಿಲ್ಲ, ನಿಂತೇ ಮಾತಾಡಬೇಕು. ಬುಧವಾರ ಅವನು ಕ್ಷೌರದಂಗಡಿಯಿಂದ ಬರುವಾಗ ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಚಪ್ಪಟೆ ಪೊಟ್ಟಣ ಇತ್ತು. ಅವಳನ್ನು ನೋಡಿ ಅದನ್ನು ವ್ಯಾನಿನ ಸೀಟಿನ ಕೆಳಗೆ ತಳ್ಳಿದ. ಮನೆಯಲ್ಲಿ ಅಣ್ಣನ ಜೊತೆ ಪಿಸುಗುಟ್ಟುತ್ತಿದ್ದವನು ಅವಳು ಒಳಗೆ ಬಂದರೆ, "ಅತ್ತಿಗೆ, ಇವತ್ತು ತುಂಬಾ ಸೆಕೆ ಅಲ್ವಾ?" ಅನ್ನುತ್ತಿದ್ದ. ಸೆಕೆಯ ಮಾತು ಆಡುವ ಜಾಯಮಾನ ಅವನದಲ್ಲ.

ಗಂಡನಿಗೆ ಹೇಳಿದಳು. ಅವನು ಗದರಿದ.

"ನಿನ್ನ ಬಾಯಿಗೆ ಹುಳ ಬೀಳ. ಅವನು ನೀನು ಸಾಕಿದ ಕೂಸು."

"ನಾನು ಸಾಕಿದ್ದಕ್ಕೇ ಗೊತ್ತು. ಅವನು ಏನೋ ಮುಚ್ಚಿಡ್ತಾ ಇದ್ದಾನೆ. ಚಿಕ್ಕೋನಿದ್ದಾಗ ಕದ್ದು ಸಕ್ಕರೆ ತಿಂದಾಗಲೂ ಹೀಗೇ ಸಂಬಂಧ ಇಲ್ಲದ ಮಾತಾಡ್ತಿದ್ದ."

"ಅವನನ್ನೇ ಕೇಳು ಮತ್ತೆ."

ಕೇಳಲಿಲ್ಲ. ಕೇಳಿದರೆ ಇಲ್ಲ ಅನ್ನುತ್ತಾನೆ, ಇಲ್ಲ ಅಂದರೆ ತಾನು ನಂಬುವುದಿಲ್ಲ, ಕೇಳಿ ಬಂದ ಲಾಭವೇನು ಅಂದುಕೊಂಡಳು. ಬದಲಿಗೆ ಅವನೊಬ್ಬನ ಕಿವಿಗೆ ಒಂದು ಸುಳ್ಳು ಹಾಕಿದಳು.

"ಯಾರಿಗೂ ಹೇಳ್ಬೇಡ. ಇನ್ನೊಂದು ಹಾಡು ಕಟ್ಟಿದ್ದೀನಿ, ಚರಂಡಿ ಮೇಲೆ. ನಾಳೆ ಊಟದ ಹೊತ್ತಿಗೆ ಕ್ಷೌರದಂಗಡಿ ಹಿಂದಿನ ಕೋಣೇಲಿ ಸೇರ್ತೀವಿ."

ಅವನ ಮುಖ ಬಿಳಿಚಿತು. "ಈಗ ಬೇಡ ಅತ್ತಿಗೆ. ಸ್ವಲ್ಪ ದಿನ ಹಾಡೋದೇ ಬೇಡ."

"ಯಾಕೆ, ನಿನಗೇನು ಭಯ? ನಿನಗೆ ಹಾಳೆ ಬಂದಿಲ್ವಲ್ಲ."

ಅವನು ತಲೆ ತಗ್ಗಿಸಿ ಹೊರಟುಹೋದ.

ಗುರುವಾರ ಮಧ್ಯಾಹ್ನ ಅವಳೊಬ್ಬಳೇ ಕ್ಷೌರದಂಗಡಿಯ ಎದುರಿನ ಗೋಡೆಯ ಮರೆಯಲ್ಲಿ ನಿಂತಳು. ಯಾರೂ ಬರದಿರಲಿ ಅಂತ ಬೇಡಿಕೊಳ್ಳುತ್ತಿದ್ದಳು. ಊಟದ ಸೈರನ್ ಕೂಗಿ ಐದು ನಿಮಿಷವಾಗಿರಲಿಲ್ಲ, ಮ್ಯಾನೇಜರ ಗುಮಾಸ್ತ ಛತ್ರಿ ಮಡಚುತ್ತಾ ಬಂದು ಅಂಗಡಿಯೊಳಗೆ ಹೋದ. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕನ್ನಡಿಯ ಎದುರು ಕೂತ. ಕನ್ನಡಿಯಿಂದ ಹಿಂದಿನ ಕೋಣೆಯ ಬಾಗಿಲು ಚೆನ್ನಾಗಿ ಕಾಣುತ್ತದೆ.

ಸಂಜೆ ಮೈದುನ ಮನೆಗೆ ಬಂದಾಗ ಅವನ ಟ್ರಂಕು, ಹಾಸಿಗೆ, ತುತ್ತೂರಿಯ ಪೆಟ್ಟಿಗೆ ಬಾಗಿಲ ಹೊರಗಿದ್ದವು.

"ಏನಿದು ಅತ್ತಿಗೆ?"

"ಎಷ್ಟಕ್ಕೆ ಮಾರಿದೆಯೋ ನಮ್ಮನ್ನ?"

ಅವನು ಅಣ್ಣನ ಮುಖ ನೋಡಿದ. ಬಾಯ್ಲರ್ ಗೋಡೆಯ ಕಡೆ ತಿರುಗಿಕೊಂಡಿದ್ದ.

"ಆ ಕುರ್ಚಿ ಮೆತ್ತಗಿತ್ತಾ? ಚೆನ್ನಾಗಿ ಒರಗಿಕೊಂಡು ಕೂತಿದ್ಯಾ? ನಾನು ಸುಳ್ಳು ಹೇಳಿದ್ದು ನಿನ್ನೊಬ್ಬನಿಗೆ. ಹಾಡಿಲ್ಲ, ಚರಂಡಿ ಇಲ್ಲ, ಕೋಣೆ ಇಲ್ಲ. ಗುಮಾಸ್ತ ಮಾತ್ರ ಹೇಳಿದ ಟೈಮಿಗೆ ಬಂದ!"

ಅವನು ಬಾಯಿ ತೆರೆದ. ಏನೋ ಹೇಳಲು ಹೊರಟವನು, ಅವಳ ಮುಖ ನೋಡಿ, ಬಾಯಿ ಮುಚ್ಚಿದ. ಟ್ರಂಕು ಎತ್ತಿಕೊಂಡ. ಪೆಟ್ಟಿಗೆ ಕಂಕುಳಿಗೆ ಸಿಕ್ಕಿಸಿಕೊಂಡ. ಹಾಸಿಗೆ ಎತ್ತಲು ಮೂರನೇ ಕೈ ಇರಲಿಲ್ಲ. ಅದನ್ನು ಅಲ್ಲೇ ಬಿಟ್ಟು ನಡೆದ. ಆಳೆತ್ತರದ ಗಂಡಸು, ಬೀದಿಯ ತಿರುವಿನಲ್ಲಿ ಒಂದು ಸಲ ತೋಳಿನಿಂದ ಮುಖ ಒರೆಸಿಕೊಂಡ. ಇಸ್ತ್ರಿಯಕ್ಕ ಅದನ್ನೂ ನಾಟಕ ಅಂದುಕೊಂಡಳು. ಆ ಹೊತ್ತಿಗೆ ಅವಳಿಗೆ ಹಾಗೆ ಅಂದುಕೊಳ್ಳುವುದು ಬೇಕಾಗಿತ್ತು.

ಶುಕ್ರವಾರ ಜವಾನ ರೋಲರಿನ ಹತ್ತಿರ ಬಂದ. "ಇಸ್ತ್ರಿಯಕ್ಕ, ನಿನ್ನ ಸರದಿ."

ಮ್ಯಾನೇಜರ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಅಲ್ಲಿಯ ಕಿಟಕಿ ತೆರೆದಿತ್ತು. ಮೇಜಿನ ಮೇಲೆ ಪ್ಲೇಟು ಹಾಕುವ ಪೆಟ್ಟಿಗೆ, ಅದರ ಪಕ್ಕ ಒಂದು ಚೀಟಿ. ಮ್ಯಾನೇಜರು ಕೆಟ್ಟ ದನಿಯವನಲ್ಲ. ಮಾತು ಬೆಣ್ಣೆಯ ಹಾಗೆ.

"ಬಾಮ್ಮ. ನಿನ್ನ ಗಂಟಲು ಚೆನ್ನಾಗಿದೆ. ನನ್ನ ಮಗಳಂತೂ ದಿನಾ ಕೇಳ್ತಾಳೆ."

"ಯಾವ ಗಂಟಲು ಸಾರ್?"

ಅವನು ಸೂಜಿಯನ್ನು ಪ್ಲೇಟಿನ ಮೇಲಿಟ್ಟ. ಇಸ್ತ್ರಿಯಕ್ಕ ರೇಡಿಯೋದಲ್ಲಿ ಕೇಳುತ್ತಿದ್ದ ಹಾಡಿನ ಮೊದಲ ಸಾಲಿಗೆ ಕಾದಳು. ಅದು ಬರಲಿಲ್ಲ. ಹಾಡು ನಡುವಿನಿಂದಲೇ ಎದ್ದಿತು. ಮಾತಿನ ಸಾಲುಗಳೆಲ್ಲ ಮುಗಿದು, ಬರೀ ಬೇಸು ಡ್ರಮ್ಮು ಗಿರಗಿರ ತಿರುಗುವ ಜಾಗ. ಅಲ್ಲಿ ಒಬ್ಬಳು ಹೆಂಗಸು ಕೂಗುತ್ತಿದ್ದಳು.

"ಬಾಯ್ಲರ್! ಕುದಿಯೋ ಬಾಯ್ಲರ್!" ಡ್ರಮ್ ಒಂದೇ ಸಮ ಸದ್ದು ಮಾಡಿತು.

"ತಕ್ಕಡೀ! ತೂಗು, ತಕ್ಕಡಿ, ಹಾಗೇ ತೂಗು!" ಬೇಸ್ ಮೇಲೆ ಹತ್ತಿ ಕೆಳಗೆ ಇಳಿಯಿತು.

"ಮಡಿಕೇ! ಮಡಚಿಡು ಅವರನ್ನ!" ಖಂಜಿರ ಕುಣಿಯಿತು.

"ಈಗ ಬಾರೋ ಗುಬ್ಬೀ! ಊದೋ ನನ್ನ ಗುಬ್ಬೀ!" ಟ್ರಂಪೆಟ್ ಹಲಗೆ ಸೀಳಿಕೊಂಡು ಬಂದ ಹಾಗೆ ಬಂತು.

ಕೊನೆಗೆ ಅವಳೇ, "ಇಸ್ತ್ರಿ ಬಂದಳು ನೋಡಿ, ದಾರಿ ಬಿಡಿ!"

ಆ ದನಿ ಇಸ್ತ್ರಿಯಕ್ಕನದೇ. ಪ್ರತಿ ಭಾನುವಾರ ಅವಳು ಹಾಗೇ ಕೂಗುತ್ತಿದ್ದಳು. ರೇಡಿಯೋದಲ್ಲಿ ದೂರದ ಹಾಡುಗಾರರು ತಮ್ಮವರನ್ನು ಒಬ್ಬೊಬ್ಬರಾಗಿ ಕರೆದು ಬಾರಿಸಲು ಬಿಡುವುದನ್ನು ಕೇಳಿ ಕಲಿತದ್ದು. ಕರೆಯದೆ ಅವರ ಕೈ ಏಳುತ್ತಿರಲಿಲ್ಲ. ಅದನ್ನು ಯಾರೂ ಹಾಡು ಅಂದುಕೊಂಡಿರಲಿಲ್ಲ. ಹಾಳೆಯಲ್ಲಿ ಬರೆದಿರಲಿಲ್ಲ, ಮಡಿಕೆ ಓದಿದ ನಾಲ್ಕು ಸಲದಲ್ಲೂ ಅದು ಬರಲಿಲ್ಲ. ಭಾರ ಎತ್ತುವಾಗ ಬಾಯಿಂದ 'ಹುಂ' ಅನ್ನುವ ಸದ್ದು ಹೊರಡುವುದಿಲ್ಲವೇ, ಹಾಗೆ. ರೇಡಿಯೋದವರು ಮೊದಲ ಬದಿ ಮಾತ್ರ ಹಾಕುತ್ತಿದ್ದರು. ಎರಡನೇ ಬದಿಯಲ್ಲಿ ಅವಳು ತನ್ನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬೆನ್ನು ತಟ್ಟಿ, ಸಾಹೇಬರಿಗೆ ತೋರಿಸಿಕೊಟ್ಟಿದ್ದಳು. ಸೋಮವಾರ, ಮಂಗಳವಾರ, ಬುಧವಾರ. ಹಾಡಿನಲ್ಲಿ ಅವಳು ಕರೆದ ಕ್ರಮದಲ್ಲೇ ಜವಾನ ಬಂದಿದ್ದ.

ಮ್ಯಾನೇಜರು ಸೂಜಿ ಎತ್ತಿದ. ಚೀಟಿಯಲ್ಲಿ ಬರೆದಿದ್ದ ಐದು ಹೆಸರಲ್ಲಿ ಮೂರರ ಮುಂದೆ ಗೀಟು ಇತ್ತು. ಐದನೆಯದರ ಮುಂದೆ ಈಗ ಗೀಟು ಎಳೆದ. ಪೆನ್ನಿನ ತುದಿ ನಾಲ್ಕನೆಯದರ ಮೇಲೆ ನಿಂತಿತು.

"ಈ ಗುಬ್ಬಿ ಯಾರು? ನಮ್ಮ ರಿಜಿಸ್ಟರಿನಲ್ಲಿ ನೋಡಿದೆ, ಮೇಸ್ತ್ರಿಗಳನ್ನ ಕೇಳಿದೆ. ಗುಬ್ಬಿ ಅನ್ನೋ ಅಡ್ಡಹೆಸರಿನವನು ಇಲ್ಲಿ ಒಬ್ಬನೂ ಇಲ್ಲ."

ಇರಲಿಲ್ಲ. ಆ ಹೆಸರು ಮನೆಯವರನ್ನೂ ಭಾನುವಾರದ ಗುಂಪನ್ನೂ ದಾಟಿದ್ದೇ ಇಲ್ಲ. ಐದು ವರ್ಷದ ಸಣಕಲು ಹುಡುಗ ತಾಯಿ ಸತ್ತ ಮೇಲೆ ಊಟ ಬಿಟ್ಟಿದ್ದಾಗ, ಒಂದೊಂದೇ ಅಗುಳು ತಿನ್ನಿಸುತ್ತಾ ಅವಳು ಇಟ್ಟ ಹೆಸರು. ಮೀಸೆ ಬಂದ ಮೇಲೆ ಅವನೇ ಕೈ ಮುಗಿದಿದ್ದ: "ಅತ್ತಿಗೆ, ನಾಲ್ಕು ಜನರ ಎದುರು ಹಾಗೆ ಕರೀಬೇಡಿ." ಅದಕ್ಕೇ ಅವನಿಗೆ ಹಾಳೆ ಬಂದಿರಲಿಲ್ಲ. ಹಾಳೆ ಬರಲಿಲ್ಲ ಅನ್ನುವುದನ್ನೇ ಹಿಡಿದುಕೊಂಡು ಅವಳು ಅವನನ್ನು ಬೀದಿಗೆ ತಳ್ಳಿದ್ದಳು.

"ಹಾಡು ಕಟ್ಟಿದವನು ಅವನೇ ಇರ್ಬೇಕು" ಅಂದ ಮ್ಯಾನೇಜರು, ಇನ್ನೂ ಮೆತ್ತಗೆ. "ನಿಮಗೆಲ್ಲ ಇಷ್ಟು ಬುದ್ಧಿ ಎಲ್ಲಿಂದ ಬರುತ್ತೆ? ಅವನು ಯಾರು ಅಂತ ಹೇಳಿಬಿಡು. ಅವನೊಬ್ಬನನ್ನ ಕಳಿಸ್ತೀನಿ. ನಿನ್ನ ಗಂಡನ ಹಾಳೆ, ಆ ಕೆಮ್ಮೋ ಹೆಂಗಸಿನ ಹಾಳೆ, ಎಲ್ಲಾ ನಿನ್ನ ಕಣ್ಣೆದುರೇ ಹರಿದು ಹಾಕ್ತೀನಿ."

ಇಸ್ತ್ರಿಯಕ್ಕ ತೆರೆದ ಕಿಟಕಿಯ ಕಡೆ ನೋಡಿದಳು.

"ಗುಬ್ಬಿ ಅಂದ್ರೆ ಗುಬ್ಬೀನೇ ಸಾರ್. ಮುಂಚೆ ರೋಲರ್ ಪಕ್ಕದ ಕಿಟಕೀಲಿ ಬಂದು ಕೂರ್ತಿತ್ತು. ನೀವು ಹಲಗೆ ಹೊಡೆಸಿದ ಮೇಲೆ ಬರೋದು ಬಿಟ್ಟುಬಿಡ್ತು."

"ಟ್ರಂಪೆಟ್ ಊದೋ ಗುಬ್ಬಿ?"

"ಬುದ್ಧಿ ಇಲ್ಲದವರು ಸಾರ್ ನಾವು. ನಮಗೆ ಹಾಗೇ ಕೇಳಿಸುತ್ತೆ."

ಮ್ಯಾನೇಜರ ನಗು ಅಳಿಸಿಹೋಯಿತು. ಹಾಳೆಯನ್ನು ಅವಳ ಕಡೆ ತಳ್ಳಿದ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು.

ಬಂದವಳು ರೋಲರಿನ ಕಡೆ ಹೋಗದೆ ನೇರವಾಗಿ ಲೋಡು ಹಾಕುವ ಅಂಗಳಕ್ಕೆ ಹೋದಳು. ಮೈದುನ ಬಿಳಿ ಗಂಟುಗಳನ್ನು ವ್ಯಾನಿಗೆ ಎತ್ತಿ ಹಾಕುತ್ತಿದ್ದ. ಅವಳನ್ನು ನೋಡಿಯೂ ನಿಲ್ಲಿಸಲಿಲ್ಲ.

"ಎರಡನೇ ಬದಿ ಕೇಳಿದೆ" ಅಂದಳು.

ಗಂಟು ಅವನ ಕೈಯಲ್ಲೇ ನಿಂತಿತು.

"ನಿನಗೆ ಗೊತ್ತಿತ್ತಾ?"

"ಸೋಮವಾರವೇ ಗೊತ್ತಾಯ್ತು. ಅಣ್ಣನನ್ನ ಕರೆದ್ರಲ್ಲ, ಆಮೇಲೆ ಕ್ಷೌರದಂಗಡಿಯವನ ಹತ್ರ ಪ್ಲೇಟು ಪೂರ್ತಿ ಹಾಕಿಸಿ ಕೇಳಿದೆ. ಬುಧವಾರ ಅವನ ಕಾಲು ಹಿಡಿದು ಆ ಪ್ಲೇಟು ತಗೊಂಡು ಬಂದೆ, ಬೀದೀಲಿ ಮತ್ಯಾರೂ ಕೇಳದಿರ್ಲಿ ಅಂತ."

"ಆ ಕುರ್ಚಿ?"

"ವ್ಯಾನಿನ ಟೈರ್ ಒಡೆದಿದೆ ಅಂತ ಫಾರಂ ತುಂಬೋಕೆ ಹೋದೆ. ಟೈರ್ ಏನೂ ಒಡೆದಿರ್ಲಿಲ್ಲ, ಆಮೇಲೆ ನಾನೇ ಒಡೆದೆ. ಮೇಜಿನ ಮೇಲೆ ಪ್ಲೇಟು ಇತ್ತಲ್ಲ, ಯಾವ ಬದಿ ಮೇಲಾಗಿದೆ ಅಂತ ನೋಡ್ಬೇಕಿತ್ತು. ಎರಡನೇದು ಮೇಲಿತ್ತು." ಗಂಟನ್ನು ವ್ಯಾನಿನೊಳಗೆ ಎಸೆದ. "ಗುಮಾಸ್ತ ಪ್ರತಿ ಗುರುವಾರ ಅದೇ ಹೊತ್ತಿಗೆ ಗಡ್ಡ ಮಾಡಿಸ್ತಾನೆ ಅತ್ತಿಗೆ. ಹತ್ತು ವರ್ಷದಿಂದ. ಬೇಕಾದ್ರೆ ಹೋಗಿ ಕೇಳಿ."

"ನಿನ್ನೆ ಯಾಕೋ ಹೇಳ್ಲಿಲ್ಲ? ನಾನು ಅಷ್ಟೆಲ್ಲ ಅಂದೆ. ಒಂದು ಮಾತು ಹೇಳಿದ್ರೆ ಮುಗೀತಿತ್ತು."

"ಏನು ಹೇಳ್ಲಿ? ಚಾಡಿ ಹೇಳಿದ್ದು ನೀವೇ ಅತ್ತಿಗೆ ಅಂತ ಹೇಳ್ಲಾ? ಮಡಿಕೆ ಕೆಲಸ ಹೋಗೋದು ನಿಮ್ಮಿಂದ ಅಂತ ಗೊತ್ತಾದ್ರೆ ನೀವು ಜನ್ಮದಲ್ಲಿ ಬಾಯಿ ಬಿಡ್ತಿರ್ಲಿಲ್ಲ. ಹಾಡೋದು ಬಿಟ್ಟುಬಿಡ್ತಿದ್ರಿ. ಅಣ್ಣನಿಗೆ ಹೇಳಿದ್ದೆ. ಇಬ್ರೂ ಸೇರಿ ಮುಚ್ಚಿಡೋಣ ಅಂದುಕೊಂಡ್ವಿ."

ಗೋಡೆಯ ಕಡೆ ತಿರುಗಿಕೊಂಡಿದ್ದ ಗಂಡನ ಬೆನ್ನು ಅವಳ ಕಣ್ಣಿಗೆ ಬಂತು. ಅವನ ಮೇಲೆ ಸಿಟ್ಟು ಮಾಡಲೂ ಅವಳಲ್ಲಿ ಬಲವಿರಲಿಲ್ಲ.

"ಮನೆಗೆ ಬಾರೋ" ಅಂದಳು.

ಅವನು ಬರುತ್ತೇನೆ ಅನ್ನಲಿಲ್ಲ. ವ್ಯಾನಿನ ಬಾಗಿಲು ಹಾಕಿ, ಅದರ ಮೇಲೆ ಕೈಯಿಟ್ಟು ನಿಂತ. ಆಮೇಲೆ ನಿಧಾನವಾಗಿ ಕೇಳಿದ, "ಈಗ ಅಲ್ಲಿಂದ ಬರ್ತಿದ್ದೀರಲ್ಲ. ಗುಬ್ಬಿ ಯಾರು ಅಂತ ಕೇಳಿದ್ನಾ?"

"ಕೇಳಿದ."

"ನೀವೇನಂದ್ರಿ?"

"ಹೇಳ್ಲಿಲ್ಲ."

"ಏನು ಕೊಡ್ತೀನಿ ಅಂದ?"

"ಎಲ್ಲರ ಹಾಳೆ ಹರೀತೀನಿ ಅಂದ."

ಅವನು ಅವಳ ಮುಖವನ್ನು ನೋಡಿದ. ಬಹಳ ಹೊತ್ತು ನೋಡಿದ. ಬುಧವಾರದಿಂದ ಅವಳು ಅವನನ್ನು ಹೇಗೆ ನೋಡುತ್ತಿದ್ದಳೋ, ಕಣ್ಣ ಕೆಳಗೆ, ತುಟಿಯ ಮೂಲೆಯಲ್ಲಿ ಏನೋ ಹುಡುಕುತ್ತಾ, ಹಾಗೇ. ಅಣ್ಣನ ಕೆಲಸ ಒಂದು ಕಡೆ, ನಿನ್ನೆ ಸಂಜೆ ಮನೆಯಿಂದ ಹೊರದಬ್ಬಿದ ಮೈದುನ ಇನ್ನೊಂದು ಕಡೆ. ಯಾರಾದರೂ ಏನು ಮಾಡುತ್ತಾರೆ?

"ಸರಿ" ಅಂದ ಅವನು.

ಅದು ನಂಬದವರು ಅನ್ನುವ 'ಸರಿ' ಅಂತ ಇಸ್ತ್ರಿಯಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟು ಆಣೆ ಇಟ್ಟರೂ ಅದನ್ನು ಅಳಿಸಲು ಆಗುವುದಿಲ್ಲ ಅನ್ನುವುದೂ ಗೊತ್ತಿತ್ತು. ಸುಮ್ಮನೆ ರೋಲರಿಗೆ ವಾಪಸು ಹೋದಳು.

ಅಂದು ಸಂಜೆ ಅವಳು ತಕ್ಕಡಿಯನ್ನೂ ಮಡಿಕೆಯನ್ನೂ ಮನೆಗೆ ಕರೆಸಿ, ಎಲ್ಲವನ್ನೂ ಹೇಳಿದಳು. ಚಾಡಿ ಹೇಳಿದ ನಾಲಿಗೆ ನನ್ನದೇ, ಏನು ಬೈಯಬೇಕೋ ಬೈಯಿರಿ ಅಂದಳು. ತಕ್ಕಡಿ ಬಾಯಿ ಕಳೆದು ಕೂತ. ಆಮೇಲೆ, "ಅಲ್ಲಾ ಕಣಕ್ಕಾ, ನೀನು ಕೂಗಿದೆ, ಸರಿ. ಕೂಗಿದ ತಕ್ಷಣ ಓ ಅಂತ ಬಾರಿಸಿದ್ದು ನಾವೇ ಅಲ್ವಾ?" ಅಂದ. ಮಡಿಕೆ ನಗಲು ಹೋಗಿ ಕೆಮ್ಮಿದಳು. ಹಾಳೆಗೆ ಸಹಿ ಹಾಕುವುದಿಲ್ಲ ಅಂತ ನಾಲ್ವರೂ ಒಪ್ಪಿದರು. ಒಪ್ಪುವಾಗ ಎಲ್ಲರ ಕಣ್ಣೂ ಒಬ್ಬರಿಂದೊಬ್ಬರಿಗೆ ಓಡಾಡಿತು. ನಿಜವಾಗಿ ಹಾಕುವುದಿಲ್ಲವಾ? ಒಬ್ಬರೇ ಹೋಗಿ ಹಾಕಿಬಿಟ್ಟರೆ? ಬಾಯಿಬಿಟ್ಟು ಯಾರೂ ಕೇಳಲಿಲ್ಲ.

ಮುಂದಿನ ವಾರವೆಲ್ಲ ಇಸ್ತ್ರಿಯಕ್ಕ ರೋಲರಿನ ಮುಂದೆ ನಿಂತು ಬಾಗಿಲ ಸಂದಿಯಿಂದ ಅಂಗಳವನ್ನೇ ನೋಡುತ್ತಿದ್ದಳು. ಜವಾನ ಆ ಕಡೆ ಹೆಜ್ಜೆ ಇಟ್ಟರೆ ಅವಳ ಕೈ ನಿಲ್ಲುತ್ತಿತ್ತು. ಮೇಸ್ತ್ರಿಯೊಬ್ಬ ಯಾರ ಮನೆಯಲ್ಲೋ ಆ ಹೆಸರು ಕೇಳಿಸಿಕೊಂಡಿದ್ದರೆ? ನೆರೆಯವರು ಹೇಳಿಬಿಟ್ಟರೆ? ಮೈದುನನನ್ನು ಆಫೀಸಿಗೆ ಕರೆದರೆ, ಯಾರು ಹೇಳಿದ್ದರೂ, ಅವನ ಲೆಕ್ಕದಲ್ಲಿ ಹೇಳಿದವಳು ಅವಳೇ. ತಾನು ನಿರಪರಾಧಿ ಅಂತ ತೋರಿಸಲು ಅವಳ ಹತ್ತಿರ ಏನೂ ಇರಲಿಲ್ಲ. ದಿನ ಕಳೆಯುವುದೊಂದೇ ಸಾಕ್ಷಿ. ಅವನ ಹಾಸಿಗೆಯನ್ನು ಒಗೆದಳು, ಒಣಗಿಸಿದಳು, ಮತ್ತೆ ಒಗೆದಳು.

ಬುಧವಾರ ತಿಂಗಳು ಮುಗಿಯಿತು. ನಾಲ್ಕು ಹಾಳೆಗಳೂ ಸಹಿಯಿಲ್ಲದೆ ಮ್ಯಾನೇಜರ ಮೇಜಿಗೆ ವಾಪಸು ಹೋದವು. ಯೋಚಿಸಿ ಹೇಳ್ತೀನಿ ಅಂದ ಅವನು. ಗುರುವಾರ ಬೆಳಿಗ್ಗೆ ಗೇಟು ತೆರೆದೇ ಇತ್ತು. ಆಸ್ಪತ್ರೆಯ ಗಂಟುಗಳು ಛಾವಣಿ ಮುಟ್ಟುವಷ್ಟು ಬಿದ್ದಿದ್ದವು, ಆ ಬಾಯ್ಲರ್ ಯಂತ್ರದ ಹಟ ಗೊತ್ತಿದ್ದವನು ಊರಿಗೆ ಅವಳ ಗಂಡನೊಬ್ಬನೇ. ಶುಕ್ರವಾರವೂ ತೆರೆದಿರುತ್ತದೆ ಅಂತ ಯಾರೂ ಮಾತು ಕೊಡುವ ಹಾಗಿರಲಿಲ್ಲ.

ಆ ಗುರುವಾರ ಸಂಜೆ, ಇನ್ನೂ ಬೆಳಕಿರುವಾಗಲೇ, ಮೈದುನ ಬಂದು ಬಾಗಿಲ ಹೊರಗೆ ನಿಂತ. ಬೂಟು ಬಿಚ್ಚಲಿಲ್ಲ.

"ಹಾಸಿಗೆ ತಗೊಂಡು ಹೋಗೋಕೆ ಬಂದೆ" ಅಂದ.

ಅವಳು ಒಳಗಿನಿಂದ ಹಾಸಿಗೆ ತಂದಳು. ಅವನು ಕೈ ಚಾಚಲಿಲ್ಲ. ಹೊಸ್ತಿಲನ್ನೇ ನೋಡುತ್ತಾ ಹೇಳಿದ, "ಇವತ್ತು ಮಧ್ಯಾಹ್ನ ಜವಾನ ವ್ಯಾನಿನ ಹತ್ರ ಬಂದ."

ಅವಳು ಹಾಸಿಗೆಯನ್ನು ವಾಪಸು ಎಳೆದುಕೊಂಡಳು.

"ಬರ್ತಾ ಇರೋದು ದೂರದಿಂದಲೇ ಕಾಣಿಸ್ತು. ಆಯ್ತು, ಹೇಳಿಬಿಟ್ರು ಅಂದುಕೊಂಡೆ. ಅವನು ಹತ್ರ ಬರೋವರೆಗೂ ನಿಮ್ಮನ್ನ ಮನಸ್ಸಲ್ಲೇ ಬೈದೆ ಅತ್ತಿಗೆ. ಬಾಯಿಗೆ ಬಂದ ಹಾಗೆ ಬೈದೆ. ಬಂದವನು ಏನು ಕೇಳಿದ ಗೊತ್ತಾ? ಆಸ್ಪತ್ರೆ ಕಡೆ ಹೋಗ್ತೀಯಾ, ಹೆಂಡ್ತಿಗೆ ಔಷಧಿ ತರಬೇಕು, ಕೂರಿಸ್ಕೊಂಡು ಹೋಗ್ತೀಯಾ ಅಂದ."

ಇಸ್ತ್ರಿಯಕ್ಕ ಹಾಸಿಗೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

"ಏನಂತ ಬೈದೆ?"

"ಹೇಳೋಕಾಗಲ್ಲ. ಒಳಗೆ ಅಣ್ಣ ಇದ್ದಾನೆ."

ಒಳಗಿನಿಂದ ಬಾಯ್ಲರಿನ ದನಿ ಬಂತು. "ಹೇಳೋ ಮಾರಾಯ. ಮದುವೆಯಾಗಿ ಇಷ್ಟು ವರ್ಷ ಆಯ್ತು, ನನಗೊಂದೂ ಸರಿಯಾಗಿ ಬಂದಿಲ್ಲ. ನಾನೂ ಕಲ್ತುಕೋತೀನಿ."

ಮೈದುನನ ತುಟಿ ಬಿಗಿಯಾಯಿತು, ಆಮೇಲೆ ತಡೆಯಲಾಗದೆ ಬಿಚ್ಚಿತು. ಅವಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಹಾಸಿಗೆಯನ್ನು ಅವನ ಕೈಗೆ ಕೊಡದೆ, ಅದನ್ನು ಹಿಡಿದುಕೊಂಡೇ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ಅವನು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ಒಂದು ಗಂಟು ಬಿಗಿದುಕೊಂಡಿತ್ತು, ಸುಲಭಕ್ಕೆ ಬರಲಿಲ್ಲ. ಅವಳು ಅವಸರ ಮಾಡಲಿಲ್ಲ.